ಉಪ್ಪಿನ ಬೆನ್ನಿಗೆ ಬರುವ ನೀರು

ಷಿಕಾಗೋದ ಕಸಾಯಿಖಾನೆಗಳಿಂದ ತಂದ ಸುಮಾರು 18 ಕಿಲೋ ಹೋರಿ ವೃಷಣಗಳನ್ನು ಅರೆದು, ಬಸಿದು, ಮತ್ತೆ ಮತ್ತೆ ಶೋಧಿಸಿದ ಮೇಲೆ ಅಲ್ಲಿನ ವಿಶ್ವವಿದ್ಯಾಲಯದ ಫ್ರೆಡ್ ಕಾಕ್ ಮತ್ತು ಅವರ ವಿದ್ಯಾರ್ಥಿ ಲೆಮ್ಯುಯೆಲ್ ಮೆಕ್‌ಗೀ ಅವರಿಗೆ ದಕ್ಕಿದ್ದು 20 ಮಿಲಿಗ್ರಾಂ ಸಾರ. ಅದು 1927. ಬೀಜ ತೆಗೆದ ಹುಂಜಕ್ಕೆ ಆ ಸಾರವನ್ನು ಚುಚ್ಚಿದಾಗ ಬಾಡಿ ಕುಗ್ಗಿದ್ದ ಜುಟ್ಟು ಮತ್ತೆ ಕೆಂಪೇರಿ ಬೆಳೆಯಿತು. ಎಂಟು ವರ್ಷ ಕಳೆದು, 1935ರಲ್ಲಿ, ಆಮ್‌ಸ್ಟರ್‌ಡಾಮ್‌ನಲ್ಲಿ ಅರ್ನ್‌ಸ್ಟ್ ಲಾಕ್ವೆರ್ ಅವರ ತಂಡ ಆ ಗಂಡು ಹಾರ್ಮೋನಿನ ಅಪ್ಪಟ ಹರಳನ್ನೇ ಬೇರ್ಪಡಿಸಿ ಅದನ್ನು ಟೆಸ್ಟೋಸ್ಟಿರೋನ್ ಎಂದು ಕರೆಯಿತು. ಅದೇ ವರ್ಷ ಅಡಾಲ್ಫ್ ಬ್ಯುಟೆನಾಂಟ್ ಮತ್ತು ಲಿಯೋಪೋಲ್ಡ್ ರುಜಿಚ್ಕಾ ಕೊಲೆಸ್ಟೆರಾಲ್‌ನಿಂದ ಅದನ್ನು ತಯಾರಿಸುವ ದಾರಿ ಕಂಡುಕೊಂಡರು. ಹೋರಿಗಳ ಹಂಗು ತಪ್ಪಿತು, ಔಷಧ ವೈದ್ಯರ ಕೈಗೆ ಬಂತು.

ಔಷಧ ಕೈಗೆ ಬಂದ ಮೂರೇ ವರ್ಷಕ್ಕೆ, 1938ರಲ್ಲಿ, ಷಿಕಾಗೋದಲ್ಲೇ ಆ್ಯಲನ್ ಕೆನ್ಯನ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಫ್ರೆಡ್ ಕಾಕ್ ಆ ತಂಡದಲ್ಲೂ ಇದ್ದರು. ವೃಷಣಗಳು ಕೆಲಸ ಮಾಡದ ಗಂಡಸರಿಗೆ ಟೆಸ್ಟೋಸ್ಟಿರೋನ್ ಪ್ರೊಪಿಯೊನೇಟ್ ಕೊಟ್ಟು, ಅವರ ಮೈಯಲ್ಲಿ ಏನು ಉಳಿಯುತ್ತದೆ, ಏನು ಹೊರಹೋಗುತ್ತದೆ ಎಂದು ಲೆಕ್ಕವಿಟ್ಟ ಅಧ್ಯಯನ ಅದು. ಮೂತ್ರದಲ್ಲಿ ಹೋಗುವ ನೈಟ್ರೋಜನ್ ಕಡಿಮೆಯಾಯಿತು. ಮೈಯಲ್ಲಿ ಪ್ರೋಟೀನ್ ಕಟ್ಟಿಕೊಳ್ಳುತ್ತಿದೆ, ಅಂದರೆ ಮಾಂಸಖಂಡ ಬೆಳೆಯುತ್ತಿದೆ ಎಂಬುದಕ್ಕೆ ಅದು ಸಾಕ್ಷಿ. ಅದರ ಜೊತೆಗೆ ಸೋಡಿಯಂ ಕೂಡ ಕಡಿಮೆ ಹೊರಬಂತು, ನೀರೂ ಉಳಿಯಿತು, ತೂಕ ಏರಿತು.

ಈ ಕೊನೆಯ ಸಾಲಿನ ಮೇಲೆ ನಾನು ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಟೆಸ್ಟೋಸ್ಟಿರೋನ್ ತೆಗೆದುಕೊಳ್ಳುವವರಿಗೆ ಮುಖ ಊದುವುದು, ಉಂಗುರ ಬಿಗಿಯಾಗುವುದು, ಸಂಜೆ ಹೊತ್ತಿಗೆ ಕಾಲುಚೀಲದ ಅಚ್ಚು ಕಾಲಲ್ಲಿ ಉಳಿಯುವುದು ಇವೆಲ್ಲ ಹೊಸ ಸುದ್ದಿಯಲ್ಲ. ಆದರೆ ಇಂದು ಆ ಊತಕ್ಕೆ ಮದ್ದೆಂದು ಜಿಮ್‌ಗಳಲ್ಲಿ ಕೈಯಿಂದ ಕೈಗೆ ದಾಟುವ ಎರಡು ಮಾತ್ರೆಗಳು ಆ ನೀರಿಗಿಂತ ಎಷ್ಟೋ ಪಾಲು ಅಪಾಯಕಾರಿ. ಅವುಗಳ ವಿಚಾರಕ್ಕೆ ಬರುವ ಮೊದಲು ನೀರು ಯಾಕೆ ನಿಲ್ಲುತ್ತದೆ ಎಂದು ತಿಳಿಯೋಣ. ಅದು ತಿಳಿದರೆ ಆ ಮಾತ್ರೆಗಳ ಆಸೆ ಅರ್ಧ ಕಡಿಮೆಯಾಗುತ್ತದೆ.

ಎಪ್ಪತ್ತು ಕಿಲೋ ತೂಕದ ಗಂಡಸಿನ ಮೈಯಲ್ಲಿ ಸುಮಾರು 42 ಲೀಟರ್ ನೀರಿರುತ್ತದೆ. ಇದರಲ್ಲಿ ಮೂರನೇ ಎರಡು ಭಾಗ ಜೀವಕೋಶಗಳ ಒಳಗೆ. ಉಳಿದ ಸುಮಾರು 14 ಲೀಟರ್ ಕೋಶಗಳ ಹೊರಗೆ: ಮೂರು ಲೀಟರಿನಷ್ಟು ರಕ್ತದ ದ್ರವಭಾಗವಾಗಿ, ಮಿಕ್ಕಿದ್ದೆಲ್ಲ ಅಂಗಾಂಶಗಳ ಸಂದುಗೊಂದುಗಳಲ್ಲಿ. ನಾವು ಊತ, ಬಾವು ಎನ್ನುವುದು ಈ ಸಂದುಗೊಂದುಗಳ ನೀರು ಹೆಚ್ಚಾದಾಗ. ಅದನ್ನು ಅಲ್ಲಿ ಹಿಡಿದಿಟ್ಟುಕೊಂಡಿರುವುದು ಸೋಡಿಯಂ. ಉಪ್ಪಿನಕಾಯಿ ಹಾಕುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹೆಚ್ಚಿದ ಮಾವಿನಕಾಯಿಗೆ ಕಲ್ಲುಪ್ಪು ಬೆರೆಸಿ ಭರಣಿಯಲ್ಲಿಟ್ಟರೆ ಬೆಳಗಾಗುವಷ್ಟರಲ್ಲಿ ಹೋಳುಗಳೊಳಗಿನ ನೀರು ಹೊರಗೆ ಬಂದು ಉಪ್ಪಿನ ಜೊತೆ ನಿಂತಿರುತ್ತದೆ. ಮೈಯಲ್ಲೂ ಅಷ್ಟೇ, ಉಪ್ಪು ಎಲ್ಲಿ ನಿಲ್ಲುತ್ತದೋ ನೀರು ಅಲ್ಲಿ ನಿಲ್ಲುತ್ತದೆ. ಲೆಕ್ಕವೂ ಸರಳ. ಆಸ್ಪತ್ರೆಯಲ್ಲಿ ಏರಿಸುವ ಸಲೈನ್ ಬಾಟಲಿಯ ಒಂದು ಲೀಟರಿನಲ್ಲಿ 9 ಗ್ರಾಂ ಉಪ್ಪಿರುತ್ತದೆ, ಅದು ಹೆಚ್ಚುಕಡಿಮೆ ನಮ್ಮ ಮೈದ್ರವದ ಹದವೇ. ಹಾಗಾಗಿ ಹೊರಹೋಗಬೇಕಿದ್ದ 9 ಗ್ರಾಂ ಉಪ್ಪು ಮೈಯಲ್ಲೇ ಉಳಿದರೆ ಅದರ ಬೆನ್ನಿಗೆ ಒಂದು ಲೀಟರ್ ನೀರೂ ಉಳಿಯುತ್ತದೆ, ತಕ್ಕಡಿಯಲ್ಲಿ ಒಂದು ಕಿಲೋ ಹೆಚ್ಚಾಗುತ್ತದೆ.

ಉಪ್ಪು ಉಳಿಯಬೇಕೋ ಹೋಗಬೇಕೋ ಎಂದು ತೀರ್ಮಾನಿಸುವುದು ಮೂತ್ರಪಿಂಡ. ದಿನಕ್ಕೆ ಸುಮಾರು 180 ಲೀಟರ್ ದ್ರವ ಅದರಲ್ಲಿ ಸೋಸಿಹೋಗುತ್ತದೆ. ಒಂದೂವರೆ, ಎರಡು ಲೀಟರ್ ಮಾತ್ರ ಮೂತ್ರವಾಗಿ ಹೊರಬರುತ್ತದೆ, ಉಳಿದುದೆಲ್ಲ ವಾಪಸು ರಕ್ತಕ್ಕೆ. ಇಷ್ಟು ದೊಡ್ಡ ಕೊಡುಕೊಳ್ಳುವಿಕೆಯಲ್ಲಿ ನೂರರಲ್ಲಿ ಅರ್ಧ ಪಾಲು ವ್ಯತ್ಯಾಸವಾದರೂ ಹೆಚ್ಚುಕಡಿಮೆ ಒಂದು ಲೀಟರಿನ ಅಂತರ. ಹಾರ್ಮೋನ್‌ಗಳು ಕೈಯಾಡಿಸುವುದು ಈ ಸಣ್ಣ ವ್ಯತ್ಯಾಸದಲ್ಲೇ. ಅಡ್ರಿನಲ್ ಗ್ರಂಥಿಯ ಆಲ್ಡೋಸ್ಟಿರೋನ್ ಮೂತ್ರನಾಳಿಕೆಯ ಕೊನೆಯ ತುಣುಕಿನಲ್ಲಿ ಸೋಡಿಯಂ ಅನ್ನು ಹಿಂದಕ್ಕೆ ಎಳೆದುಕೊಳ್ಳುವಂತೆ ಮಾಡುತ್ತದೆ. ಮಿದುಳಿನ ಬುಡದಿಂದ ಬರುವ ವಾಸೊಪ್ರೆಸಿನ್ ನೀರನ್ನು ಹಿಂದಕ್ಕೆ ಕರೆಯುತ್ತದೆ.

ಟೆಸ್ಟೋಸ್ಟಿರೋನ್ ಇಲ್ಲಿ ಎರಡು ದಾರಿಯಲ್ಲಿ ಬರುತ್ತದೆ. ಎಲ್ಲರ ಬಾಯಲ್ಲೂ ಇರುವುದು ಮೊದಲನೆಯ ದಾರಿ ಒಂದೇ. ಕೊಬ್ಬಿನ ಅಂಗಾಂಶದಲ್ಲಿ, ಇನ್ನೂ ಕೆಲವು ಕಡೆ, ಅರೋಮಟೇಸ್ ಎಂಬ ಕಿಣ್ವವಿದೆ. ಅದು ಟೆಸ್ಟೋಸ್ಟಿರೋನ್‌ನ ಒಂದು ಪುಟ್ಟ ಪಾಲನ್ನು ಎಸ್ಟ್ರಡಯಾಲ್ ಆಗಿ, ಅಂದರೆ ನಾವು ಹೆಣ್ಣಿನ ಹಾರ್ಮೋನ್ ಎಂದು ರೂಢಿಯಲ್ಲಿ ಕರೆಯುವ ಈಸ್ಟ್ರೋಜನ್ ಆಗಿ ಬದಲಿಸುತ್ತದೆ. ಗಂಡಸಿನ ಮೈಯ ಎಸ್ಟ್ರಡಯಾಲ್‌ನ ಬಹುಪಾಲು ಹುಟ್ಟುವುದೇ ಹೀಗೆ. ಟೆಸ್ಟೋಸ್ಟಿರೋನ್ ಏರಿದರೆ ಅದೂ ಏರುತ್ತದೆ, ಹೊಟ್ಟೆಯ ಕೊಬ್ಬು ಹೆಚ್ಚಿರುವವರಲ್ಲಿ ಇನ್ನೂ ಹೆಚ್ಚು. ಎಸ್ಟ್ರಡಯಾಲ್ ಯಕೃತ್ತಿಗೆ ಹೇಳಿ ಆಂಜಿಯೋಟೆನ್ಸಿನೋಜನ್ ಹೆಚ್ಚು ಮಾಡಿಸುತ್ತದೆ, ಆಲ್ಡೋಸ್ಟಿರೋನ್‌ಗೆ ಕೊನೆಗೊಳ್ಳುವ ಸರಪಳಿಯ ಮೊದಲ ಕೊಂಡಿ ಅದು. ಜೊತೆಗೆ ವಾಸೊಪ್ರೆಸಿನ್ ಹೊರಬೀಳುವ ಮಟ್ಟವನ್ನೂ ತಗ್ಗಿಸುತ್ತದೆ. ಮುಟ್ಟಿನ ಹಿಂದುಮುಂದಿನ ದಿನಗಳಲ್ಲಿ ಮೈ ಭಾರವಾಗುವುದನ್ನು, ಬಸುರಿನಲ್ಲಿ ಪಾದ ಊದುವುದನ್ನು ಹೆಂಗಸರು ಬಲ್ಲರು. ಬಸುರಿನ ಕೊನೆಯ ಹೊತ್ತಿಗೆ ಮೈಯಲ್ಲಿ ಆರರಿಂದ ಎಂಟು ಲೀಟರ್ ನೀರು ಹೆಚ್ಚಿರುತ್ತದೆ. ಅಲ್ಲಿ ಬೇರೆ ಹಾರ್ಮೋನ್‌ಗಳ ಪಾತ್ರವೂ ಇದೆ, ಆದರೆ ಮೂತ್ರಪಿಂಡ ಪಾಲಿಸುವ ನಿಯಮ ಬೇರೆಯಲ್ಲ.

ಎರಡನೆಯ ದಾರಿಯನ್ನು ಜನ ಮರೆಯುತ್ತಾರೆ. ಟೆಸ್ಟೋಸ್ಟಿರೋನ್ ತಾನೇ, ಈಸ್ಟ್ರೋಜನ್ ಆಗಿ ಬದಲಾಗದೆಯೂ, ಮೂತ್ರನಾಳಿಕೆಯಲ್ಲಿ ಸೋಡಿಯಂ ಹಿಂದಿರುಗುವುದನ್ನು ಹೆಚ್ಚಿಸಬಲ್ಲದು. ನಾಳಿಕೆಯ ಕೋಶಗಳಲ್ಲಿ ಅದನ್ನು ಗುರುತಿಸುವ ಗ್ರಾಹಿಗಳಿವೆ. ಸಿಡ್ನಿಯ ಗಾರ್ವನ್ ಸಂಸ್ಥೆಯ ಕೆನ್ ಹೋ ಅವರ ತಂಡ ಪಿಟ್ಯುಟರಿ ಗ್ರಂಥಿ ಸೋತ ಗಂಡಸರಲ್ಲಿ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಟೆಸ್ಟೋಸ್ಟಿರೋನ್ ಒಂದನ್ನೇ ಕೊಟ್ಟಾಗಲೂ ಕೋಶಗಳ ಹೊರಗಿನ ನೀರು ಹೆಚ್ಚಿತು. ಬೆಳವಣಿಗೆಯ ಹಾರ್ಮೋನ್ ಜೊತೆಗೂಡಿದಾಗ ಇನ್ನಷ್ಟು ಹೆಚ್ಚಿತು. ಹಾಗಾಗಿ ನೀರು ನಿಂತರೆ ತಪ್ಪೆಲ್ಲ ಈಸ್ಟ್ರೋಜನ್‌ನದೇ ಎಂಬ ಜಿಮ್ ವೇದಾಂತಕ್ಕೆ ವಿಜ್ಞಾನದ ಪೂರ್ತಿ ಬೆಂಬಲವಿಲ್ಲ.

ಹೀಗೆ ಉಳಿಯುತ್ತಲೇ ಹೋದರೆ ಮನುಷ್ಯ ಊದುತ್ತಲೇ ಹೋಗಬೇಕಿತ್ತಲ್ಲ? ಆರೋಗ್ಯವಂತರಲ್ಲಿ ಹಾಗಾಗುವುದಿಲ್ಲ. ಕಾರಣವನ್ನು ಕಂಡವರು ಕೆನಡಾದ ಕಿಂಗ್‌ಸ್ಟನ್ ನಗರದಲ್ಲಿದ್ದ ಅಡಾಲ್ಫೋ ಡಿ ಬೋಲ್ಡ್. ಇಲಿಗಳ ಹೃದಯದ ಮೇಲಿನ ಕೋಣೆಯ ಸಾರವನ್ನು ಬೇರೆ ಇಲಿಗಳಿಗೆ ಚುಚ್ಚಿದರೆ ಅವು ಧಾರಾಳವಾಗಿ ಉಪ್ಪು ಮತ್ತು ನೀರನ್ನು ಹೊರಹಾಕಿದವು ಎಂದು 1981ರಲ್ಲಿ ಅವರು ತೋರಿಸಿದರು. ರಕ್ತದ ಪ್ರಮಾಣ ಹೆಚ್ಚಿ ಹೃದಯದ ಕೋಣೆ ಹಿಗ್ಗಿದಾಗ ಆ ಸ್ನಾಯುವೇ ಒಂದು ಹಾರ್ಮೋನ್ ಸುರಿಸಿ ಮೂತ್ರಪಿಂಡಕ್ಕೆ 'ಇನ್ನು ಬಿಡು' ಎನ್ನುತ್ತದೆ. ಅಲ್ಲಿಯವರೆಗೆ ರಕ್ತವನ್ನು ಒತ್ತುವ ಪಂಪು ಎಂದಷ್ಟೇ ತಿಳಿದಿದ್ದ ಹೃದಯ ಒಂದು ಗ್ರಂಥಿಯೂ ಹೌದು ಎಂದಾಯಿತು. ನನ್ನ ಮಟ್ಟಿಗೆ ಕಳೆದ ಶತಮಾನದ ಶರೀರವಿಜ್ಞಾನದ ಅತಿ ಸುಂದರ ಶೋಧಗಳಲ್ಲಿ ಇದೊಂದು. ಟೆಸ್ಟೋಸ್ಟಿರೋನ್ ಶುರುವಾದ ಮೊದಲ ವಾರಗಳಲ್ಲಿ ಒಂದೆರಡು ಕಿಲೋ ಏರಿ ಆಮೇಲೆ ತೂಕ ನಿಲ್ಲುವುದರ ಹಿಂದೆ ಇಂಥ ತಡೆಗಳಿವೆ. ಹೃದಯ ಅಥವಾ ಮೂತ್ರಪಿಂಡ ಮೊದಲೇ ಸೋತಿದ್ದರೆ ಈ ತಡೆ ಸಾಲುವುದಿಲ್ಲ. ಅಂಥವರಲ್ಲಿ ಅದೇ ಒಂದೆರಡು ಲೀಟರ್ ಪುಪ್ಪುಸಕ್ಕೆ ಇಳಿದು ಉಸಿರು ಕಟ್ಟಿಸಬಹುದು.

ಈಗ ವೈದ್ಯರ ಕೋಣೆಗೆ ಬರೋಣ. ಟೆಸ್ಟೋಸ್ಟಿರೋನ್ ನಿಜಕ್ಕೂ ಬೇಕಾದವರು ನಮ್ಮ ನಡುವೆ ಇದ್ದಾರೆ. ಒಂದು ಎಕ್ಸ್ ವರ್ಣತಂತು ಹೆಚ್ಚಿಗೆ ಹೊತ್ತು ಹುಟ್ಟಿದ ಕ್ಲೈನ್‌ಫೆಲ್ಟರ್ ಗಂಡುಮಕ್ಕಳು, ದೊಡ್ಡವರಾದ ಮೇಲೆ ಮಂಗನಬಾವು ಬಂದು ವೃಷಣ ಕುಗ್ಗಿದವರು, ಪಿಟ್ಯುಟರಿ ಗಡ್ಡೆಗೆ ಶಸ್ತ್ರಚಿಕಿತ್ಸೆಯಾದವರು, ಹೆಣ್ಣುದೇಹದಲ್ಲಿ ಹುಟ್ಟಿ ಗಂಡಾಗಿ ಬದುಕುತ್ತಿರುವ ಟ್ರಾನ್ಸ್ ಪುರುಷರು. ಇವರಲ್ಲಿ ಹಲವರಿಗೆ ಸಿಗುವುದು ಎಣ್ಣೆಯಲ್ಲಿ ಕರಗಿಸಿದ, ಸೊಂಟದ ಕೆಳಗೆ ಚುಚ್ಚುವ ಇಂಜೆಕ್ಷನ್. ಸಂಭಾಷಣೆ ಸಾಮಾನ್ಯವಾಗಿ ಹೀಗೆ ಸಾಗುತ್ತದೆ.

"ಸರ್, ಮನೇಲಿ ಎಲ್ಲಾ ಮುಖ ಊದಿದೆ ಅಂತಿದಾರೆ. ಉಂಗುರಾನೂ ಬಿಗಿಯಾಗಿದೆ."

"ಇಂಜೆಕ್ಷನ್ ಯಾವತ್ತು ತಗೊಂಡ್ರಿ?"

"ಸೋಮವಾರ."

"ಇವತ್ತು ಗುರುವಾರ. ಊತ ಜಾಸ್ತಿ ಅನ್ಸಿದ್ದು ಯಾವಾಗಿಂದ?"

"ಮಂಗಳವಾರ ರಾತ್ರಿಯಿಂದ. ಹೋದ ಸಲಾನೂ ಹಿಂಗೇ ಆಗಿ ತಾನಾಗೇ ಇಳೀತು."

"ಎಷ್ಟು ದಿನಕ್ಕೊಂದು ತಗೋತಿದೀರಿ?"

"ಮೂರು ವಾರಕ್ಕೊಂದು, ಸರ್. ಪದೇ ಪದೇ ಊರಿಂದ ಬರೋದು ಕಷ್ಟ."

ವೈದ್ಯರು ಆತನ ಪ್ಯಾಂಟು ಮೇಲೆ ಸರಿಸಿ, ಮೊಣಕಾಲಿನ ಕೆಳಗೆ ಮುಂಭಾಗದ ಎಲುಬಿನ ಮೇಲೆ ಹೆಬ್ಬೆರಳು ಊರಿ ಒತ್ತಿ ಹಿಡಿಯುತ್ತಾರೆ. ಐದಾರು ಸೆಕೆಂಡಾದರೂ ಹಿಡಿಯಬೇಕು, ಸುಮ್ಮನೆ ಮುಟ್ಟಿ ಬಿಟ್ಟರೆ ಏನೂ ತಿಳಿಯದು. ಬೆರಳು ತೆಗೆದಾಗ ಚರ್ಮ ಕೂಡಲೇ ಸಮವಾದರೆ ಅಲ್ಲಿ ಹೆಚ್ಚಿನ ನೀರಿಲ್ಲ. ಕುಳಿ ಬಿದ್ದು ನಿಧಾನಕ್ಕೆ ತುಂಬಿಕೊಂಡರೆ ಸಂದಿನಲ್ಲಿ ನೀರಿದೆ. ಕುಳಿ ಎಷ್ಟು ಆಳ, ತುಂಬಲು ಎಷ್ಟು ಹೊತ್ತು, ಎರಡೂ ಕಾಲಲ್ಲಿ ಒಂದೇ ರೀತಿಯೇ ಎಂಬುದನ್ನು ಅವರು ನೋಡುತ್ತಾರೆ. ಆಮೇಲೆ ಕತ್ತಿನ ನರ ಉಬ್ಬಿದೆಯೇ ಎಂದು ಕಣ್ಣಾಡಿಸಿ, ಬಿಪಿ ನೋಡಿ, ಬೆನ್ನಿಗೆ ಸ್ಟೆಥಾಸ್ಕೋಪ್ ಇಡುತ್ತಾರೆ. ಯಂತ್ರವಿಲ್ಲದೆ ಐದು ನಿಮಿಷದಲ್ಲಿ ಮುಗಿಯುವ ಈ ಪರೀಕ್ಷೆ ಎಷ್ಟೋ ದುಬಾರಿ ರಕ್ತಪರೀಕ್ಷೆಗಿಂತ ಹೆಚ್ಚು ಹೇಳುತ್ತದೆ.

ಈ ಗಂಡಸಿನ ತೊಂದರೆಯ ಸುಳಿವು ಸೋಮವಾರ ಮತ್ತು ಮೂರು ವಾರ ಎಂಬ ಎರಡು ಮಾತಿನಲ್ಲೇ ಇದೆ. ನಮ್ಮಲ್ಲಿ ಬಳಕೆಯಲ್ಲಿರುವ ಸಸ್ಟನಾನ್ 250 ಇಂಜೆಕ್ಷನ್ ನಾಲ್ಕು ಬಗೆಯ ಟೆಸ್ಟೋಸ್ಟಿರೋನ್ ಸಂಯುಕ್ತಗಳ ಮಿಶ್ರಣ. ಕೆಲವು ಬೇಗ ಬಿಡುಗಡೆಯಾಗುತ್ತವೆ, ಕೆಲವು ತಡವಾಗಿ. ಹಾಗಿದ್ದರೂ ಚುಚ್ಚಿದ ಒಂದೆರಡು ದಿನದಲ್ಲಿ ರಕ್ತದಲ್ಲಿ ಟೆಸ್ಟೋಸ್ಟಿರೋನ್ ಸಹಜ ಮಟ್ಟಕ್ಕಿಂತ ಮೇಲೇರಿ, ಕೊನೆಯ ವಾರದಲ್ಲಿ ಕೆಳಗಿಳಿಯುತ್ತದೆ. ಏರಿದ ದಿನಗಳಲ್ಲಿ ಎಸ್ಟ್ರಡಯಾಲ್ ಕೂಡ ಏರುತ್ತದೆ, ಉಪ್ಪು ಉಳಿಯುತ್ತದೆ, ಮುಖ ಊದುತ್ತದೆ. ಇಳಿದ ದಿನಗಳಲ್ಲಿ ಸುಸ್ತು, ಬೇಸರ. ಅವನ ಮೈ ಮೂರು ವಾರಕ್ಕೊಮ್ಮೆ ಈ ಉಯ್ಯಾಲೆ ಜೀಕುತ್ತಿದೆ.

ಮದ್ದೂ ಅಲ್ಲೇ ಇದೆ. ದೊಡ್ಡ ಪ್ರಮಾಣವನ್ನು ಒಂದೇ ಸಲ ಚುಚ್ಚುವ ಬದಲು ಅದನ್ನು ಒಡೆದು ಹತ್ತಿರ ಹತ್ತಿರದ ದಿನಗಳಲ್ಲಿ ಕೊಡಬಹುದು. ಅಮೆರಿಕದ ಎಂಡೋಕ್ರೈನ್ ಸೊಸೈಟಿಯ 2018ರ ಮಾರ್ಗಸೂಚಿಯಲ್ಲಿ ಟೆಸ್ಟೋಸ್ಟಿರೋನ್ ಎನಾಂಥೇಟ್ ಅಥವಾ ಸಿಪಿಯೊನೇಟ್ ಇಂಜೆಕ್ಷನ್‌ಗೆ ಎರಡು ವಾರಕ್ಕೊಮ್ಮೆ 150ರಿಂದ 200 ಮಿಲಿಗ್ರಾಂ ಎಂಬುದರ ಪಕ್ಕದಲ್ಲೇ ವಾರಕ್ಕೊಮ್ಮೆ 75ರಿಂದ 100 ಎಂಬ ಆಯ್ಕೆಯೂ ಇದೆ. ಒಟ್ಟು ಪ್ರಮಾಣ ಅಷ್ಟೇ, ಏರಿಳಿತ ಮಾತ್ರ ಕಡಿಮೆ. ಚರ್ಮಕ್ಕೆ ಸವರುವ ಜೆಲ್‌ನಲ್ಲಿ ಏರಿಳಿತ ಇನ್ನೂ ಕಡಿಮೆ, ಆದರೆ ಮನೆಯ ಹೆಂಗಸರು ಮಕ್ಕಳಿಗೆ ಅದು ತಾಗದಂತೆ ಎಚ್ಚರ ಬೇಕು. ಒಟ್ಟು ಪ್ರಮಾಣವೇ ಹೆಚ್ಚಾಗಿದ್ದರೆ ಅದನ್ನು ತಗ್ಗಿಸಬೇಕು. ಚಿಕಿತ್ಸೆಯ ಗುರಿ ಸಹಜ ಮಟ್ಟದ ನಡುಭಾಗ, ಅದರ ನೆತ್ತಿಯಲ್ಲ. ಊತವನ್ನು ನಾನು ನೋಡುವುದು ಹೀಗೆ: ಪ್ರಮಾಣ ಅಥವಾ ಅಂತರ ಈ ಮೈಗೆ ಹೊಂದುತ್ತಿಲ್ಲ ಎಂದು ಮೂತ್ರಪಿಂಡ ಕೊಡುತ್ತಿರುವ ವರದಿ ಅದು. ವರದಿಯನ್ನು ಇನ್ನೊಂದು ಮಾತ್ರೆಯಿಂದ ಅಳಿಸಿಹಾಕುವ ಮೊದಲು ಓದಬೇಕು.

ಉಪ್ಪಿನ ಮಾತು ಬಂದಾಗ ಎಲ್ಲರೂ ತಲೆಯಾಡಿಸುತ್ತಾರೆ, ಯಾರೂ ಕಡಿಮೆ ಮಾಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂ ಒಳಗಿರಲಿ ಎನ್ನುತ್ತದೆ, ಹೆಚ್ಚುಕಡಿಮೆ ಒಂದು ಚಹಾ ಚಮಚ. ನಮ್ಮ ದೇಶದ ಸರಾಸರಿ 8 ಗ್ರಾಂ ಆಸುಪಾಸು. ಸಾರಿಗೆ ಹಾಕುವ ಉಪ್ಪು ಕಣ್ಣಿಗೆ ಬೀಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಚಟ್ನಿಪುಡಿ, ಊಟದ ಕೊನೆಯ ಉಪ್ಪು ಹಾಕಿದ ಮಜ್ಜಿಗೆ, ಬೇಕರಿಯ ಖಾರಾ ಬನ್ನು ಇವೆಲ್ಲ ಲೆಕ್ಕಕ್ಕೆ ಸಿಗದೆ ಜಾರಿಹೋಗುತ್ತವೆ. ಟೆಸ್ಟೋಸ್ಟಿರೋನ್ ಮೂತ್ರಪಿಂಡಕ್ಕೆ ಉಪ್ಪು ಉಳಿಸಿಕೋ ಎನ್ನುತ್ತಿರುವಾಗ ಉಳಿಸಿಕೊಳ್ಳಲು ಸಿಗುವ ಉಪ್ಪೇ ಕಡಿಮೆಯಾದರೆ ಊತವೂ ಕಡಿಮೆಯಾಗುತ್ತದೆ, ಬಿಪಿಯೂ ಸ್ವಲ್ಪ ಇಳಿಯುತ್ತದೆ. ಒಂದು ಎಚ್ಚರಿಕೆ: ಅಂಗಡಿಯಲ್ಲಿ ಸಿಗುವ 'ಲೋ ಸೋಡಿಯಂ' ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆಯಿರುವವರು, ಕೆಲವು ಬಗೆಯ ಬಿಪಿ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು.

ನೀರು ಕುಡಿಯುವುದನ್ನು ಕಡಿಮೆ ಮಾಡಿದರೆ ಊತ ಇಳಿಯುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ಮೈಯಲ್ಲಿ ಉಪ್ಪು ಇರುವವರೆಗೆ ಅದು ನಡೆಯುವುದಿಲ್ಲ. ಕುಡಿಯುವುದು ಕಡಿಮೆಯಾದರೆ ವಾಸೊಪ್ರೆಸಿನ್ ಏರುತ್ತದೆ, ಮೂತ್ರ ಗಾಢವಾಗುತ್ತದೆ, ಇದ್ದ ನೀರು ಅಲ್ಲೇ ಇರುತ್ತದೆ. ಇದಕ್ಕೆ ತದ್ವಿರುದ್ಧವಾಗಿ ಕೊಡಗಟ್ಟಲೆ ಕುಡಿದು 'ಫ್ಲಶ್' ಮಾಡುವ ಸಲಹೆಯೂ ಇದೆ. ಅತಿಯಾದರೆ ರಕ್ತದ ಸೋಡಿಯಂ ತೆಳುವಾಗಿ ತಲೆಸುತ್ತು, ಫಿಟ್ಸ್‌ವರೆಗೆ ಹೋಗಬಹುದು. ಹೃದಯ ಗಟ್ಟಿಯಿರುವವರು ಬಾಯಾರಿಕೆ ಹೇಳಿದಷ್ಟು ಕುಡಿದರೆ ಸಾಕು.

ಊತಕ್ಕೆ ಟೆಸ್ಟೋಸ್ಟಿರೋನ್ ಒಂದೇ ಕಾರಣ ಎಂದುಕೊಳ್ಳುವ ಮೊದಲು ಮನೆಯ ಮಾತ್ರೆ ಡಬ್ಬಿಯನ್ನೂ ತೆರೆದು ನೋಡಬೇಕು. ಬಿಪಿಗೆ ನಮ್ಮಲ್ಲಿ ಅತಿ ಹೆಚ್ಚು ಬರೆಯುವ ಮಾತ್ರೆಗಳಲ್ಲೊಂದಾದ ಆಮ್ಲೋಡಿಪಿನ್ ತಾನೇ ಪಾದ ಊದಿಸುತ್ತದೆ. ಸಕ್ಕರೆ ಕಾಯಿಲೆಯ ಪಯೋಗ್ಲಿಟಜೋನ್ ಉಪ್ಪು ಹಿಡಿದಿಡುತ್ತದೆ. ಮೈಕೈ ನೋವಿಗೆ ನುಂಗುವ ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್ ಮೂತ್ರಪಿಂಡದಲ್ಲಿ ಉಪ್ಪು ಹೊರಬಿಡಲು ನೆರವಾಗುವ ಪ್ರೊಸ್ಟಾಗ್ಲಾಂಡಿನ್‌ಗಳನ್ನೇ ತಡೆಯುತ್ತವೆ. ಜಿಮ್‌ನಲ್ಲಿ ಭಾರ ಎತ್ತಿ, ನೋವಿಗೆ ದಿನಾ ಒಂದು ಮಾತ್ರೆ ನುಂಗುವ ಹುಡುಗ ಊತಕ್ಕೆ ಇಂಜೆಕ್ಷನ್ ಅನ್ನಷ್ಟೇ ಬೈಯುತ್ತಾನೆ, ಆ ಬಿಳಿ ಮಾತ್ರೆಯ ಮೇಲೆ ಅವನಿಗೆ ಅನುಮಾನವೇ ಇಲ್ಲ.

ಜಿಮ್‌ನ ಮಾತು ಬಂತು. ಅಲ್ಲಿ 'ಸೈಕಲ್' ಹೊಡೆಯುವವರ, ಅಂದರೆ ಕೆಲವು ವಾರ ಸತತವಾಗಿ ಚುಚ್ಚಿಕೊಂಡು ಆಮೇಲೆ ಬಿಡುವು ಕೊಡುವವರ, ಪ್ರಮಾಣ ಚಿಕಿತ್ಸೆಯ ಪ್ರಮಾಣದ ಹಲವು ಪಟ್ಟು. ಶಲೇಂದರ್ ಭಾಸಿನ್ ಅವರ ತಂಡ 1996ರಲ್ಲಿ ಪ್ರಕಟಿಸಿದ ಹೆಸರುವಾಸಿ ಪ್ರಯೋಗದಲ್ಲಿ 43 ಆರೋಗ್ಯವಂತ ಗಂಡಸರಲ್ಲಿ ಒಂದು ಪಾಲಿನವರಿಗೆ ವಾರಕ್ಕೆ 600 ಮಿಲಿಗ್ರಾಂನಂತೆ ಹತ್ತು ವಾರ ಟೆಸ್ಟೋಸ್ಟಿರೋನ್ ಕೊಟ್ಟರು. ವ್ಯಾಯಾಮವಿಲ್ಲದವರಲ್ಲಿ ಕೊಬ್ಬು ಬಿಟ್ಟ ಮೈತೂಕ 3.2 ಕಿಲೋ ಏರಿತು, ವ್ಯಾಯಾಮವನ್ನೂ ಮಾಡಿದವರಲ್ಲಿ 6.1 ಕಿಲೋ. ಸ್ನಾಯು ನಿಜವಾಗಿಯೂ ದಪ್ಪವಾಗಿತ್ತು, ಎಂಆರ್‌ಐಯಲ್ಲಿ ಅದು ಕಂಡಿತು. ಆದರೆ 'ಕೊಬ್ಬು ಬಿಟ್ಟ ತೂಕ' ಎಂದರೆ ಸ್ನಾಯುವಷ್ಟೇ ಎಂದಲ್ಲ, ಅದರಲ್ಲಿ ನೀರೂ ಸೇರಿರುತ್ತದೆ. ಮೊದಲ ಹದಿನೈದು ದಿನದಲ್ಲೇ ನಾಲ್ಕು ಕಿಲೋ ಏರಿಸಿಕೊಂಡು ಹಿಗ್ಗುವ ಹುಡುಗ ಹೊತ್ತಿರುವುದರಲ್ಲಿ ಬಹುಪಾಲು ನೀರು. ಅಷ್ಟು ಬೇಗ ಸ್ನಾಯು ಕಟ್ಟುವುದು ಯಾವ ಹಾರ್ಮೋನಿಗೂ ಸಾಧ್ಯವಿಲ್ಲ.

ಕನ್ನಡಿಯಲ್ಲಿ ಮೈ ಮಬ್ಬಾಗಿ ಕಂಡಾಗ ಅವನ ಕೈಗೆ ಬರುವ ಮೊದಲ ಮಾತ್ರೆ ಅನಾಸ್ಟ್ರೋಜೋಲ್. ಸ್ತನ ಕ್ಯಾನ್ಸರ್‌ಗೆ ಬಳಸುವ ಔಷಧ ಅದು, ಅರೋಮಟೇಸ್ ಕಿಣ್ವವನ್ನು ಕಟ್ಟಿಹಾಕುತ್ತದೆ. ಈಸ್ಟ್ರೋಜನ್ ಇಳಿದರೆ ನೀರೂ ಇಳಿಯುತ್ತದೆ ಎಂಬುದು ಲೆಕ್ಕಾಚಾರ. ಒಂದಿಷ್ಟು ಇಳಿಯಲೂಬಹುದು. ಆದರೆ ಈಸ್ಟ್ರೋಜನ್ ಗಂಡಸಿಗೆ ಬೇಡದ ವಸ್ತುವೆಂದು ಬಗೆದವರು 1994ರಲ್ಲಿ ಅಮೆರಿಕದ ಎರಿಕ್ ಸ್ಮಿತ್ ಮತ್ತು ಸಂಗಡಿಗರು ವರದಿ ಮಾಡಿದ ಒಬ್ಬ ರೋಗಿಯ ಕಥೆ ಓದಬೇಕು. ಅವನಿಗೆ 28 ವರ್ಷ. ಟೆಸ್ಟೋಸ್ಟಿರೋನ್ ಸರಿಯಾಗಿತ್ತು, ಈಸ್ಟ್ರೋಜನ್ ರಕ್ತದಲ್ಲಿತ್ತು, ಆದರೆ ಅದನ್ನು ಗುರುತಿಸುವ ಗ್ರಾಹಿ ಹುಟ್ಟಿನಿಂದಲೇ ಕೆಟ್ಟಿತ್ತು. ಎತ್ತರ 204 ಸೆಂಟಿಮೀಟರ್, ಇನ್ನೂ ಬೆಳೆಯುತ್ತಲೇ ಇದ್ದ. ಎಲುಬುಗಳ ತುದಿಯ ಬೆಳೆಯುವ ಪಟ್ಟಿ ಮುಚ್ಚಿರಲಿಲ್ಲ. ಎಕ್ಸ್‌ರೇಯಲ್ಲಿ ಎಲುಬು ಹದಿನೈದರ ಹುಡುಗನದರಂತೆ, ಸಾಂದ್ರತೆಯಲ್ಲಿ ಮುದುಕರಂತೆ ಟೊಳ್ಳು. ಗಂಡಸಿನ ಎಲುಬು ಗಟ್ಟಿಯಾಗಿರುವುದು ಟೆಸ್ಟೋಸ್ಟಿರೋನ್‌ನಿಂದ ಎಂದು ಪಾಠ ಹೇಳುತ್ತಿದ್ದವರು ಆ ಒಬ್ಬನ ಮುಂದೆ ಪಾಠ ತಿದ್ದಿಕೊಂಡರು.

ಬಾಸ್ಟನ್‌ನ ಜೋಯೆಲ್ ಫಿಂಕೆಲ್‌ಸ್ಟೀನ್ ಅವರ ತಂಡ 2013ರಲ್ಲಿ ಇದನ್ನು ಇನ್ನಷ್ಟು ಬಿಡಿಸಿ ತೋರಿಸಿತು. ಆರೋಗ್ಯವಂತ ಗಂಡಸರ ಸ್ವಂತ ಹಾರ್ಮೋನನ್ನು ಔಷಧದಿಂದ ನಿಲ್ಲಿಸಿ, ಬೇರೆ ಬೇರೆ ಪ್ರಮಾಣದ ಟೆಸ್ಟೋಸ್ಟಿರೋನ್ ಜೆಲ್ ಕೊಟ್ಟರು. ಒಂದು ಗುಂಪಿಗೆ ಜೆಲ್ ಜೊತೆ ಅನಾಸ್ಟ್ರೋಜೋಲ್ ಕೂಡ ಕೊಟ್ಟರು. ಸ್ನಾಯು ಮತ್ತು ಕಸುವು ಟೆಸ್ಟೋಸ್ಟಿರೋನ್‌ನ ಕೆಲಸ ಎಂದು ತಿಳಿಯಿತು. ಈಸ್ಟ್ರೋಜನ್ ಇಲ್ಲವಾದಾಗ ಮೈಯ ಕೊಬ್ಬು ಏರಿತು, ಕಾಮಾಸಕ್ತಿ ಕುಗ್ಗಿತು. ತೆಳ್ಳಗೆ ಕಾಣಲೆಂದು ಮಾತ್ರೆ ನುಂಗುವ ಹುಡುಗನಿಗೆ ಯಾರೂ ಇದನ್ನು ಹೇಳುವುದಿಲ್ಲ. ಗಂಡಸರ ಎಸ್ಟ್ರಡಯಾಲ್ ಎಷ್ಟು ಸಣ್ಣ ಪ್ರಮಾಣವೆಂದರೆ ಸಾಮಾನ್ಯ ಲ್ಯಾಬ್‌ಗಳ ಪರೀಕ್ಷೆಯಲ್ಲಿ ಅದರ ಅಂಕೆ ಅಷ್ಟೇನೂ ನಂಬುವಂಥದ್ದಲ್ಲ. ಅಂಥ ಅಂಕೆಯನ್ನು ನೋಡಿಕೊಂಡು ತಾನೇ ಮಾತ್ರೆ ಹೆಚ್ಚುಕಡಿಮೆ ಮಾಡುವುದು ಎಲುಬಿನ ಜೊತೆ ಆಡುವ ಆಟ.

ಎರಡನೆಯದು ಮೂತ್ರ ಹೋಗಿಸುವ ಮಾತ್ರೆ. ಕ್ರಿಕೆಟ್ ನೋಡುವವರಿಗೆ 2003ರ ವಿಶ್ವಕಪ್ ನೆನಪಿರಬಹುದು. ಪಂದ್ಯಾವಳಿ ಶುರುವಾಗುವ ಹೊತ್ತಿಗೆ ಆಸ್ಟ್ರೇಲಿಯಾದ ಬೌಲರ್ ಶೇನ್ ವಾರ್ನ್ ದಕ್ಷಿಣ ಆಫ್ರಿಕಾದಿಂದ ಮನೆಗೆ ಮರಳಬೇಕಾಯಿತು, ಒಂದು ವರ್ಷ ನಿಷೇಧವೂ ಆಯಿತು. ಅವರ ಮೂತ್ರದಲ್ಲಿ ಸಿಕ್ಕಿದ್ದು ಇಂಥದೇ ಮಾತ್ರೆಯ ಅಂಶ. ತೆಳ್ಳಗೆ ಕಾಣಲೆಂದು ತಾಯಿ ಕೊಟ್ಟದ್ದು ಎಂದು ಅವರು ಹೇಳಿದ್ದರು. ಬೇರೆ ಔಷಧಗಳ ಸುಳಿವನ್ನು ಮೂತ್ರದಲ್ಲಿ ತೆಳುವಾಗಿಸಿ ಮರೆಮಾಡುತ್ತವೆಂದು ಕ್ರೀಡೆಯಲ್ಲಿ ಇವು ನಿಷಿದ್ಧ. ಆದರೆ ನನ್ನ ಆತಂಕ ನಿಷೇಧದ ಬಗ್ಗೆ ಅಲ್ಲ, ಜೀವದ ಬಗ್ಗೆ. ಫ್ಯುರೊಸಮೈಡ್‌ನಂಥ ಬಲವಾದ ಮಾತ್ರೆ ನೀರಿನ ಜೊತೆ ಪೊಟ್ಯಾಸಿಯಂ, ಮೆಗ್ನೀಸಿಯಂಗಳನ್ನೂ ಹೊರಹಾಕುತ್ತದೆ. ಅವು ಕುಸಿದರೆ ಹೃದಯದ ಬಡಿತ ಹಳಿ ತಪ್ಪುತ್ತದೆ. ದೇಹದಾರ್ಢ್ಯ ಪಟು ಮೊಹಮ್ಮದ್ ಬೆನಜೀಜಾ 1992ರಲ್ಲಿ ನೆದರ್ಲೆಂಡ್ಸ್‌ನ ಸ್ಪರ್ಧೆ ಮುಗಿದ ಕೂಡಲೇ ತೀರಿಕೊಂಡಾಗ ಇಡೀ ಆ ಲೋಕ ಈ ಮಾತ್ರೆಗಳ ಬಗ್ಗೆ ಬೆಚ್ಚಿಬಿದ್ದಿತ್ತು. ಸ್ಪೈರೊನೊಲ್ಯಾಕ್ಟೋನ್ ಎಂಬ ಇನ್ನೊಂದು ಮಾತ್ರೆಯದು ಬೇರೆ ಕಥೆ. ಅದು ಆಲ್ಡೋಸ್ಟಿರೋನ್‌ಗೆ ಅಡ್ಡಿ ಮಾಡುವುದರ ಜೊತೆಗೆ ಟೆಸ್ಟೋಸ್ಟಿರೋನ್‌ನ ಗ್ರಾಹಿಗೂ ಅಡ್ಡ ನಿಲ್ಲುತ್ತದೆ, ಗಂಡಸರ ಎದೆ ಊದಿಸುತ್ತದೆ. ಟೆಸ್ಟೋಸ್ಟಿರೋನ್ ತೆಗೆದುಕೊಂಡು ಅದರ ನೀರಿಗೆ ಇದನ್ನು ನುಂಗುವುದೆಂದರೆ ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ. ಹೃದಯ ಸೋತವರಿಗೆ, ಯಕೃತ್ತು ಕೆಟ್ಟವರಿಗೆ ಈ ಮಾತ್ರೆಗಳು ಪ್ರಾಣ ಉಳಿಸುತ್ತವೆ. ರಕ್ತದ ಪೊಟ್ಯಾಸಿಯಂ ನೋಡುತ್ತ ವೈದ್ಯರು ಕೊಟ್ಟಾಗ ಮಾತ್ರ.

ಕೆಲವು ಊತಗಳಿಗೆ ಕಾಯುವಷ್ಟು ಬಿಡುವಿಲ್ಲ. ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೆ ಅದು ರಕ್ತ ಹೆಪ್ಪುಗಟ್ಟಿದ್ದಿರಬಹುದು. ಟೆಸ್ಟೋಸ್ಟಿರೋನ್ ಕೆಂಪು ರಕ್ತಕಣಗಳನ್ನೂ ಹೆಚ್ಚಿಸಿ ರಕ್ತವನ್ನು ಮಂದವಾಗಿಸುತ್ತದೆ, ರಕ್ತದಲ್ಲಿ ಅವುಗಳ ಪಾಲು ಶೇಕಡ 54 ದಾಟಿದರೆ ಇಂಜೆಕ್ಷನ್ ನಿಲ್ಲಿಸಬೇಕು ಎಂಬುದು ಮಾರ್ಗಸೂಚಿಯ ಮಾತು. ಮಲಗಿದರೆ ಉಸಿರು ಕಟ್ಟುವುದು, ಎರಡು ದಿಂಬು ಬೇಕಾಗುವುದು, ಮೂರು ದಿನದಲ್ಲಿ ಎರಡು ಕಿಲೋಗಿಂತ ಹೆಚ್ಚು ತೂಕ ಏರುವುದು ಹೃದಯ ಸೋಲುತ್ತಿರುವ ಸೂಚನೆ. ಬೆಳಗ್ಗೆ ಎದ್ದಾಗ ಕಣ್ಣಿನ ಸುತ್ತ ಊತ, ಮೂತ್ರದಲ್ಲಿ ನೊರೆ ಕಂಡರೆ ಮೂತ್ರಪಿಂಡವನ್ನು ನೋಡಿಸಬೇಕು. ಇವಾವುದಕ್ಕೂ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬಾರದು, ಅಂದೇ ಆಸ್ಪತ್ರೆಗೆ ಹೋಗಬೇಕು.

ಟೆಸ್ಟೋಸ್ಟಿರೋನ್ ಹೃದಯಕ್ಕೆ ಕೆಡುಕೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲೆಂದೇ ನಡೆದ ಟ್ರಾವರ್ಸ್ ಪ್ರಯೋಗ 2023ರಲ್ಲಿ ಪ್ರಕಟವಾಯಿತು. ಹೃದಯರೋಗವಿದ್ದ ಅಥವಾ ಅದರ ಅಪಾಯ ಹೆಚ್ಚಿದ್ದ, 45ರಿಂದ 80 ವಯಸ್ಸಿನ, ಟೆಸ್ಟೋಸ್ಟಿರೋನ್ ಕಡಿಮೆಯಿದ್ದ ಐದು ಸಾವಿರಕ್ಕೂ ಹೆಚ್ಚು ಗಂಡಸರು ಅದರಲ್ಲಿದ್ದರು. ಹೃದಯಾಘಾತ, ಪಾರ್ಶ್ವವಾಯು, ಹೃದಯರೋಗದಿಂದ ಸಾವು ಇವು ಟೆಸ್ಟೋಸ್ಟಿರೋನ್ ಜೆಲ್ ಹಚ್ಚಿಕೊಂಡವರಲ್ಲಿ ಶೇಕಡ 7, ಔಷಧವಿಲ್ಲದ ಬರೀ ಜೆಲ್ ಹಚ್ಚಿಕೊಂಡವರಲ್ಲಿ 7.3, ಅಂದರೆ ವ್ಯತ್ಯಾಸವಿಲ್ಲ. ಇದು ನೆಮ್ಮದಿಯ ಸುದ್ದಿ. ಆದರೆ ಔಷಧ ಪಡೆದವರಲ್ಲಿ ಹೃದಯದ ಲಯ ತಪ್ಪುವುದು, ಪುಪ್ಪುಸದ ನಾಳದಲ್ಲಿ ರಕ್ತಗಡ್ಡೆ, ಮೂತ್ರಪಿಂಡಕ್ಕೆ ದಿಢೀರ್ ಪೆಟ್ಟು ಸ್ವಲ್ಪ ಹೆಚ್ಚೇ ಕಂಡವು. ಬಿಪಿ ಏರಿಕೆಯ ಎಚ್ಚರಿಕೆಯನ್ನು ಎಲ್ಲ ಟೆಸ್ಟೋಸ್ಟಿರೋನ್ ಔಷಧಗಳ ಮೇಲೂ ಮುದ್ರಿಸಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2025ರಲ್ಲಿ ಹೇಳಿತು. ಇನ್ನೊಂದು ಮಾತು: ಆ ಪ್ರಯೋಗ ನಡೆದದ್ದು ರಕ್ತಪರೀಕ್ಷೆ ನೋಡುತ್ತ ಪ್ರಮಾಣ ಹೊಂದಿಸಿದ ಜೆಲ್‌ನಿಂದ. ಜಿಮ್‌ನ ಸೈಕಲ್‌ಗೆ ಅದರ ನೆಮ್ಮದಿಯನ್ನು ಎರವಲು ತರಲಾಗದು.

ಇಂಜೆಕ್ಷನ್ ನಿಲ್ಲಿಸಿದರೆ ನೀರು ಕೆಲವೇ ವಾರಗಳಲ್ಲಿ ಇಳಿಯುತ್ತದೆ. ಆದರೆ ಹಾರ್ಮೋನ್ ಹೊರಗಿನಿಂದ ಬರುತ್ತಿದ್ದುದರಿಂದ ನಿದ್ದೆ ಹೋದ ವೃಷಣಗಳು ಏಳಲು ತಿಂಗಳುಗಳು ಬೇಕು, ವೀರ್ಯಾಣು ಮರಳಿ ಬರಲು ಕೆಲವರಿಗೆ ಒಂದು ವರ್ಷಕ್ಕೂ ಹೆಚ್ಚು. ಮದುವೆಯ ಹೊಸತರಲ್ಲಿ ಮಗುವಿಗಾಗಿ ಅಲೆಯುವಾಗಷ್ಟೇ ಇದು ಗೊತ್ತಾಗುವ ಹುಡುಗರಿದ್ದಾರೆ. ಅವರಿಗೆ ನನ್ನ ಕೋರಿಕೆ ಒಂದೇ: ಏನು ಚುಚ್ಚಿಕೊಂಡಿರಿ, ಎಷ್ಟು, ಎಂದಿನಿಂದ ಎಂಬುದನ್ನು ವೈದ್ಯರಿಂದ ಮುಚ್ಚಿಡಬೇಡಿ. ಹೇಳಿದರೆ ಬೈಸಿಕೊಳ್ಳಬೇಕಾದೀತು ಎಂಬ ಅಂಜಿಕೆಯಲ್ಲಿ ಊತಕ್ಕೆ ಬೇರೆಯದೇ ಕಾರಣ ಹುಡುಕುತ್ತ ವಾರಗಳು ಕಳೆಯುತ್ತವೆ. ವೈದ್ಯರಲ್ಲಿಗೆ ಹೋಗುವಾಗ ಇಂಜೆಕ್ಷನ್ ತಾರೀಕು, ಬೆಳಗ್ಗೆ ಬರಿಹೊಟ್ಟೆಯಲ್ಲಿ ನೋಡಿದ ತೂಕ, ಮನೆಯಲ್ಲಿ ಅಳೆದ ಬಿಪಿ ಇವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ನುಂಗುತ್ತಿರುವ ಎಲ್ಲ ಮಾತ್ರೆಗಳ ಹಾಳೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಳ್ಳಿ, ನೋವಿನ ಮಾತ್ರೆಯನ್ನೂ ಬಿಡಬೇಡಿ.